ಎಡಿಟರಿನಲ್ಲಿ ಬಣ್ಣ ಬಳಿಯುವವರು ಯಾರು?

ಕೋಡ್ ಬರೆಯುವ ಎಡಿಟರಿಗೆ ಹೊಸ ಥೀಮ್, ಅಂದರೆ ಬಣ್ಣಗಳ ಜೋಡಣೆ, ಹಾಕಿಕೊಂಡು ಫೈಲ್ ತೆರೆದಾಗ ಕೆಲವೊಮ್ಮೆ ಅಕ್ಷರಗಳು ಮೊದಲು ಒಂದು ಬಣ್ಣದಲ್ಲಿ ಮೂಡಿ, ಕ್ಷಣ ಕಳೆದ ಮೇಲೆ ಇನ್ನೊಂದಕ್ಕೆ ತಿರುಗುತ್ತವೆ. ಥೀಮ್ ಕೆಟ್ಟಿಲ್ಲ. ಒಂದೇ ಗೋಡೆಗೆ ಇಬ್ಬರು ಬಣ್ಣ ಬಳಿಯುತ್ತಿದ್ದಾರೆ, ಅಷ್ಟೆ.

ಮೈಕ್ರೋಸಾಫ್ಟಿನ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಮೊದಲು ಕುಂಚ ಹಿಡಿಯುವುದು ಟೆಕ್ಸ್ಟ್‌ಮೇಟ್ ವ್ಯಾಕರಣ. ಅದು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ (ಅಕ್ಷರಗಳ ವಿನ್ಯಾಸ ಹುಡುಕುವ ಸೂತ್ರಗಳ) ಬಲದಿಂದ ಕೋಡನ್ನು ಸಾಲು ಸಾಲಾಗಿ ಓದಿ, ಪ್ರತಿ ತುಣುಕಿಗೂ ‘ಸ್ಕೋಪ್’ ಎಂಬ ಚೀಟಿ ಅಂಟಿಸುತ್ತದೆ. ಯಾವ ಚೀಟಿಗೆ ಯಾವ ಬಣ್ಣ ಎಂದು ಹೇಳುವುದಷ್ಟೇ ಥೀಮಿನ ಕೆಲಸ. ವ್ಯಾಕರಣಕ್ಕೆ ಪದದ ಆಕಾರ ಗೊತ್ತು, ಅರ್ಥ ಗೊತ್ತಿಲ್ಲ. ಅರ್ಥ ಬಲ್ಲದ್ದು ಲ್ಯಾಂಗ್ವೇಜ್ ಸರ್ವರ್, ಎಂದರೆ ಆಯಾ ಭಾಷೆಯ ಕೋಡನ್ನು ವಿಶ್ಲೇಷಿಸುವ ಹಿನ್ನೆಲೆಯ ಪ್ರೋಗ್ರಾಂ. ಈ ಹೆಸರು ಪ್ಯಾರಾಮೀಟರೋ ಕ್ಲಾಸೋ ಎಂದು ಪ್ರಾಜೆಕ್ಟಿನ ಬೇರೆ ಫೈಲುಗಳನ್ನೂ ನೋಡಿ ತೀರ್ಮಾನಿಸಿ, ಮೊದಲಿನ ಬಣ್ಣದ ಮೇಲೆ ತನ್ನದನ್ನು ಬಳಿಯುತ್ತದೆ. ತಡವಾಗುವುದು ಅದಕ್ಕೇ.

ಹಾಗಾಗಿ ಬಣ್ಣ ಹಿಡಿಸದಿದ್ದರೆ ಅದನ್ನು ಬಳಿದವರು ಯಾರೆಂದು ಮೊದಲು ಪತ್ತೆ ಮಾಡಬೇಕು. ಕರ್ಸರನ್ನು ಆ ಪದದ ಮೇಲಿಟ್ಟು, ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, ತೆರೆಯುವ ಆಜ್ಞೆಗಳ ಪಟ್ಟಿಯಲ್ಲಿ ‘ಇನ್‌ಸ್ಪೆಕ್ಟ್ ಎಡಿಟರ್ ಟೋಕನ್ಸ್ ಆಂಡ್ ಸ್ಕೋಪ್ಸ್’ ಆಯ್ದುಕೊಳ್ಳಿ. ಸ್ಕೋಪಿನ ಹೆಸರು ಮತ್ತು ಬಣ್ಣ ಎರಡೂ ಅಲ್ಲಿರುತ್ತವೆ. ‘ಸೆಮ್ಯಾಂಟಿಕ್ ಟೋಕನ್ ಟೈಪ್’ ಎಂಬ ಸಾಲೂ ಕಂಡರೆ ಎರಡನೆಯವರ ಕೈಯೂ ಅದರಲ್ಲಿದೆ. ಆಗ ಸೆಟ್ಟಿಂಗ್ಸ್ ಫೈಲಿನ ‘ಟೋಕನ್ ಕಲರ್ ಕಸ್ಟಮೈಸೇಶನ್ಸ್’ ಭಾಗದಲ್ಲಿ ಎಷ್ಟು ತಿದ್ದಿದರೂ ಆ ಪದ ಜಗ್ಗದೆ ಇರಬಹುದು. ತಿದ್ದಬೇಕಾದ್ದು ‘ಸೆಮ್ಯಾಂಟಿಕ್ ಟೋಕನ್ ಕಲರ್ ಕಸ್ಟಮೈಸೇಶನ್ಸ್’ ಭಾಗವನ್ನು. ತಿದ್ದುಪಡಿ ಒಂದೇ ಥೀಮಿಗೆ ಸಾಕೆಂದರೆ ಅದರ ಹೆಸರನ್ನು ಚೌಕಾವರಣದಲ್ಲಿ ಹಾಕಿ. ಹೆಸರಿನ ಒಂದಕ್ಷರ ತಪ್ಪಿದರೂ ಬಣ್ಣ ಬದಲಾಗುವುದಿಲ್ಲ, ಏಕೆಂದೂ ಎಡಿಟರ್ ಹೇಳುವುದಿಲ್ಲ.

ಅದೇ ಕಿಟಕಿಯಲ್ಲಿ ಕಾಂಟ್ರಾಸ್ಟ್ ಅನುಪಾತವೂ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅಂತರದ ಅಳತೆ) ಕಾಣುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ವೆಬ್ ಸುಗಮತೆಯ ಮಾನದಂಡದ ಪ್ರಕಾರ ಸಾಮಾನ್ಯ ಅಳತೆಯ ಅಕ್ಷರಕ್ಕೆ ಕನಿಷ್ಠ 4.5:1 ಬೇಕು, ಕಪ್ಪು-ಬಿಳುಪಿನ ನಡುವಿನ ಗರಿಷ್ಠ 21:1. ಬಿಳಿ ಹಿನ್ನೆಲೆಯ ಮೇಲೆ #767676 ಎಂಬ ಬೂದು 4.54 ಪಡೆದು ಪಾಸಾಗುತ್ತದೆ, ಕೂದಲೆಳೆಯಷ್ಟು ತಿಳಿಯಾದ #777777 ಬಣ್ಣವು 4.48ಕ್ಕೆ ನಿಂತು ಫೇಲಾಗುತ್ತದೆ. 2011ರಲ್ಲಿ ಈಥನ್ ಶೂನೋವರ್ ರೂಪಿಸಿದ ಸೋಲರೈಸ್ಡ್ 16 ಬಣ್ಣಗಳ ಪ್ರಸಿದ್ಧ ಥೀಮ್, ಲೆಕ್ಕಾಚಾರದಿಂದಲೇ ಹುಟ್ಟಿದ್ದು. ಆದರೂ ಅದರ ಗಾಢ ಆವೃತ್ತಿಯಲ್ಲಿ ಕಾಮೆಂಟಿಗೆ (ಕೋಡಿನ ನಡುವೆ ಬರೆಯುವ ಟಿಪ್ಪಣಿಗೆ) ಸಿಗುವುದು ಸುಮಾರು 2.8:1. ಓದಲೇಬೇಕಾದ ಎಚ್ಚರಿಕೆಗಳನ್ನು ಬರೆಯುವ ಜಾಗವನ್ನೇ ಮಂಕು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಥೀಮ್ ಬದಲಿಸಬೇಕಿಲ್ಲ, ಕಾಮೆಂಟಿನ ಬಣ್ಣವೊಂದನ್ನು ತಿಳಿ ಮಾಡಿದರೆ ಸಾಕು.

ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ವಿಮ್ ಎಂಬ ಎಡಿಟರ್ ಬಳಸುವವರ ಗೋಳು ಬೇರೆ. ಚಿತ್ರದಲ್ಲಿ ಕಂಡ ಥೀಮ್ ತಮ್ಮ ಪರದೆಯ ಮೇಲೆ ಕೊಳಕಾಗಿ ಕಾಣುತ್ತದೆ. ಬಹುಪಾಲು ಕಾರಣ 256 ಬಣ್ಣಗಳ ಮಿತಿ: 16 ಟರ್ಮಿನಲ್ಲಿನ ಸ್ವಂತದ್ದು, 216 ಕೆಂಪು, ಹಸಿರು, ನೀಲಿ ಬೆರೆಸಿದ ಬಣ್ಣದ ಘನದ್ದು, ಉಳಿದ 24 ಬೂದು. ಥೀಮ್ ಕೇಳಿದ ಬಣ್ಣ ಇದರಲ್ಲಿ ಇಲ್ಲದಿದ್ದರೆ ಅಂದಾಜಿನದು ಬರುತ್ತದೆ. ‘ಸೆಟ್ ಟರ್ಮ್‌ಗುಯಿಕಲರ್ಸ್’ ಎಂಬ ಒಂದು ಸಾಲು 24 ಬಿಟ್ ಬಣ್ಣಕ್ಕೆ ದಾರಿ ಮಾಡಿಕೊಡುತ್ತದೆ, ಟರ್ಮಿನಲ್ಲೂ ಅದನ್ನು ಬಲ್ಲದಾದರೆ.

ಇನ್ನು ಪ್ಲಗಿನ್‌ಗಳು, ಅಂದರೆ ಎಡಿಟರಿಗೆ ಹೊರಗಿನಿಂದ ಸೇರಿಸುವ ಸೌಲಭ್ಯಗಳು (ವಿಎಸ್ ಕೋಡ್‌ನ ಮಾತಿನಲ್ಲಿ ಎಕ್ಸ್‌ಟೆನ್ಶನ್). ವಿಎಸ್ ಕೋಡ್‌ನಲ್ಲಿ ಇವು ‘ಎಕ್ಸ್‌ಟೆನ್ಶನ್ ಹೋಸ್ಟ್’ ಎಂಬ ಪ್ರತ್ಯೇಕ ಪ್ರಕ್ರಿಯೆಯಲ್ಲಿ ಓಡುತ್ತವೆ. ಟೈಪಿಂಗ್ ಸರಾಗವಾಗಿದ್ದು ಸಲಹೆಗಳ ಪಟ್ಟಿ ಮಾತ್ರ ತೆವಳುತ್ತಿದ್ದರೆ ಅನುಮಾನ ಅತ್ತ ತಿರುಗಲಿ, ಏಕೆಂದರೆ ಒಂದು ಪ್ಲಗಿನ್ ಹಟ ಹಿಡಿದು ಕೂತರೆ ಅದೇ ಹೋಸ್ಟಿನಲ್ಲಿರುವ ಮಿಕ್ಕವೂ ಸರದಿಯಲ್ಲಿ ಕಾಯಬೇಕು. ‘ಶೋ ರನ್ನಿಂಗ್ ಎಕ್ಸ್‌ಟೆನ್ಶನ್ಸ್’ ಆಜ್ಞೆ ಯಾವುದು ಎದ್ದು ನಿಲ್ಲಲು ಎಷ್ಟು ಮಿಲಿಸೆಕೆಂಡ್ ತಿಂದಿತೆಂದು ತೋರಿಸುತ್ತದೆ. ಅದರಲ್ಲೂ ಸಿಗದಿದ್ದರೆ ‘ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್’ ಇದೆ. ಅದು ಪ್ರತಿ ಸಲ ಅರ್ಧದಷ್ಟನ್ನು ನಿಲ್ಲಿಸಿ, ತೊಂದರೆ ಇನ್ನೂ ಇದೆಯೇ ಎಂದು ನಿಮ್ಮನ್ನೇ ಕೇಳುತ್ತದೆ. 32 ಪ್ಲಗಿನ್‌ಗಳಿದ್ದರೂ ಐದಾರು ಸುತ್ತಿನಲ್ಲಿ ಅಪರಾಧಿ ಕೈಗೆ ಸಿಗುತ್ತದೆ.

ಬಣ್ಣದ ಪ್ಲಗಿನ್‌ಗಳೂ ಈ ಸಾಲಿನಲ್ಲಿ ನಿಲ್ಲುವಂಥವೇ. ಆವರಣ ಜೋಡಿಗಳಿಗೆ ಬಣ್ಣ ಕೊಡುವುದು ಒಂದು ಕಾಲಕ್ಕೆ ಪ್ಲಗಿನ್ ಕೆಲಸವಾಗಿತ್ತು; ಎಡಿಟರ್ ಆಗಲೇ ಬಿಡಿಸಿ ಓದಿದ್ದನ್ನು ಅದು ಹೊರಗೆ ಕೂತು ಮತ್ತೆ ಓದಬೇಕಿತ್ತು. 2021ರಿಂದ ಆ ಸೌಲಭ್ಯ ವಿಎಸ್ ಕೋಡ್ ಒಳಗೇ ಇದೆ. ಹಳೆಯ ಪ್ಲಗಿನ್ ಇನ್ನೂ ಉಳಿದಿದ್ದರೆ ಅದನ್ನು ತೆಗೆದುಹಾಕಿ, ‘ಬ್ರ್ಯಾಕೆಟ್ ಪೇರ್ ಕಲರೈಸೇಶನ್’ ಆಯ್ಕೆ ಆನ್ ಆಗಿದೆಯೇ ನೋಡಿಕೊಳ್ಳಿ.