ಸೂರಿನಡಿ ಫೋನಿಗೆ ಜಾಗ ಗೊತ್ತಾಗುವುದು ಹೇಗೆ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತವೆ. ಅವುಗಳ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವಷ್ಟು ಶಕ್ತಿ ಮಾತ್ರ ಅದರಲ್ಲಿ ಉಳಿದಿರುತ್ತದೆ. ಬಯಲಿನಲ್ಲಿ ಇಷ್ಟೇ ಸಾಕು. ಸಾಮಾನ್ಯ ಸ್ಮಾರ್ಟ್‌ಫೋನು ತಾನಿರುವ ಜಾಗವನ್ನು ಸುಮಾರು 5 ಮೀಟರ್ ಆಸುಪಾಸಿನಲ್ಲಿ ಗುರುತಿಸುತ್ತದೆ. ತಲೆಯ ಮೇಲೆ ನಾಲ್ಕೈದು ಕಾಂಕ್ರೀಟ್ ಮಹಡಿಗಳು ಬಂದವೆಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಿಟಕಿಯಿಂದ ಒಳಬರುವ ಚೂರುಪಾರು ಸಂಕೇತವೂ ಎದುರಿನ ಕಟ್ಟಡಕ್ಕೆ ಬಡಿದು ಬಂದದ್ದಾಗಿರಬಹುದು. ಆಗ ಫೋನು ನಮ್ಮನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಿಬಿಡುತ್ತದೆ, ಅದೂ ಎಳ್ಳಷ್ಟೂ ಅನುಮಾನವಿಲ್ಲದಂತೆ.

ತೊಂದರೆ ಇರುವುದು ಆ ಕೊನೆಯ ಮಾತಿನಲ್ಲಿ. ಆಸ್ಪತ್ರೆ, ರೈಲು ನಿಲ್ದಾಣ, ಕಚೇರಿ ಸಮುಚ್ಚಯಗಳಲ್ಲಿ ಜನರಿಗೆ ದಾರಿ ತೋರಿಸುವ, ಆಪತ್ತಿನಲ್ಲಿರುವವರನ್ನು ಹುಡುಕುವ ವ್ಯವಸ್ಥೆಗಳನ್ನು ಸರಾಸರಿ ತಪ್ಪು ಎಷ್ಟು ಮೀಟರ್ ಎಂದು ಅಳೆಯುವುದು ವಾಡಿಕೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ತಾನು ಎಷ್ಟು ತಪ್ಪಿರಬಹುದು ಎಂಬುದು ಆ ವ್ಯವಸ್ಥೆಗೆ ಗೊತ್ತಿದೆಯೇ?

ತುರ್ತು ಕರೆಗಳ ಕ್ಷೇತ್ರ ಈ ಪ್ರಶ್ನೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. 2014ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್’ ವಿಧಾನದಲ್ಲಿ, ತುರ್ತು ಸಂಖ್ಯೆಗೆ ಕರೆ ಹೋದ ತಕ್ಷಣ ಫೋನು ತಾನಾಗಿಯೇ ಉಪಗ್ರಹ ಮತ್ತು ವೈಫೈ ಮೂಲಕ ಜಾಗ ಹುಡುಕಿ, ಸುಮಾರು ಅರ್ಧ ನಿಮಿಷದೊಳಗೆ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಕರೆ ಮಾಡಿದವರು ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಆ ಪುಟ್ಟ ಸಂದೇಶದಲ್ಲಿ ಅಕ್ಷಾಂಶ, ರೇಖಾಂಶಗಳ ಜೊತೆಗೆ ಇನ್ನೂ ಮೂರು ವಿವರಗಳಿರುತ್ತವೆ: ಎಷ್ಟು ಮೀಟರ್ ತ್ರಿಜ್ಯದ ವೃತ್ತದೊಳಗೆ ಹುಡುಕಬೇಕು, ಆ ವೃತ್ತದೊಳಗೆ ವ್ಯಕ್ತಿ ಇರುವ ಭರವಸೆ ಶೇಕಡಾ ಎಷ್ಟು, ಜಾಗ ತಿಳಿದದ್ದು ಉಪಗ್ರಹದಿಂದಲೋ ವೈಫೈನಿಂದಲೋ ಮೊಬೈಲ್ ಗೋಪುರದಿಂದಲೋ. 15 ಮೀಟರ್ ತ್ರಿಜ್ಯ ಬಂದರೆ ಆಂಬುಲೆನ್ಸ್ ನೇರ ಬಾಗಿಲಿಗೇ ಹೋಗಬಹುದು. 2 ಕಿ.ಮೀ. ಬಂದರೆ ಕರೆ ಸ್ವೀಕರಿಸಿದವರು ವಿಳಾಸ ಕೇಳುತ್ತಲೇ ಇರಬೇಕೆಂದು ತಿಳಿಯುತ್ತದೆ. ನಕ್ಷೆಯ ಮೇಲೆ ಬರೀ ಒಂದು ಚುಕ್ಕೆಯಷ್ಟೇ ಬಂದರೆ ಈ ಎರಡೂ ಒಂದೇ ಥರ ಕಾಣುತ್ತವೆ.

ಮಹಡಿ ಯಾವುದು ಎನ್ನುವುದು ಇನ್ನೊಂದು ತಲೆನೋವು. ಅನೇಕ ಫೋನುಗಳಲ್ಲಿ ವಾಯುಭಾರಮಾಪಕ ಇರುತ್ತದೆ. ನೆಲಮಟ್ಟದ ಸಮೀಪ ಒಂದು ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಸುಮಾರು 0.12 ಹೆಕ್ಟೊಪಾಸ್ಕಲ್ ಇಳಿಯುತ್ತದೆ. 3 ಮೀಟರಿನ ಒಂದು ಮಹಡಿಗೆ 0.36. ಸಂವೇದಕಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಸಲೀಸಾಗಿ ತಿಳಿಯುತ್ತದೆ. ಆದರೆ ಮೋಡ ಕವಿದು ಒತ್ತಡ 1 ಹೆಕ್ಟೊಪಾಸ್ಕಲ್ ಕುಸಿದರೂ ಫೋನು ತಾನು 8 ಮೀಟರ್ ಮೇಲೇರಿದೆ ಎಂದುಕೊಳ್ಳುತ್ತದೆ. ಹಾಗಾಗಿ ಹತ್ತಿರದಲ್ಲೇ, ಎತ್ತರ ಗೊತ್ತಿರುವ ಜಾಗದಲ್ಲಿ ಇನ್ನೊಂದು ಮಾಪಕವಿಟ್ಟು ಎರಡರ ವ್ಯತ್ಯಾಸವನ್ನು ನೋಡಬೇಕಾಗುತ್ತದೆ. ಪ್ರತಿ ಫೋನಿನ ಸಂವೇದಕಕ್ಕೂ ತನ್ನದೇ ಆದ ಸ್ಥಿರ ದೋಷ ಇರುತ್ತದೆ, ಅದನ್ನೂ ಕಳೆಯಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಎತ್ತರವೇ ಹೊರತು ಮಹಡಿಯ ಸಂಖ್ಯೆಯಲ್ಲ. ಕಟ್ಟಡ ಇಳಿಜಾರಿನಲ್ಲಿದ್ದರೆ, ಕೆಳಮಹಡಿಯ ಎತ್ತರ ಉಳಿದವಕ್ಕಿಂತ ಹೆಚ್ಚಿದ್ದರೆ, 14 ಮೀಟರ್ ಎಂಬುದು ನಾಲ್ಕನೆಯದೋ ಐದನೆಯದೋ ಎಂದು ತೀರ್ಮಾನಿಸಲು ಕಟ್ಟಡದ ನಕ್ಷೆ ಕೈಯಲ್ಲಿರಬೇಕು. ಅಮೆರಿಕದ ಸಂಪರ್ಕ ಆಯೋಗ ಒಳಾಂಗಣದ ತುರ್ತು ಕರೆಗಳಿಗೆ ಗೊತ್ತುಮಾಡಿದ ಅಳತೆ, 80 ಪ್ರತಿಶತ ಕರೆಗಳಲ್ಲಿ ಮೇಲೆ ಕೆಳಗೆ 3 ಮೀಟರ್. ಮೆಟ್ಟಿಲ ಬುಡದಲ್ಲಿ ನಿಂತ ರಕ್ಷಣಾ ಸಿಬ್ಬಂದಿಯ ಪಾಲಿಗೆ ಅದು ಮೂರು ಮಹಡಿ ಜಾಲಾಡುವ ಕೆಲಸ.

ದಾರಿ ತೋರಿಸುವ ಸೇವೆಗಳು ಹೆಚ್ಚಾಗಿ ಆತುಕೊಂಡಿರುವುದು ಗೋಡೆ, ಕಂಬಗಳಿಗೆ ಅಂಟಿಸುವ ಪುಟ್ಟ ರೇಡಿಯೊ ಸಾಧನಗಳಾದ ಬ್ಲೂಟೂತ್ ಬೀಕನ್‌ಗಳನ್ನು. ಲಂಡನ್ನಿನ ಭೂಗತ ರೈಲಿನ ಪಿಮ್ಲಿಕೊ ನಿಲ್ದಾಣದಲ್ಲಿ ದೃಷ್ಟಿಹೀನರಿಗೆ ಧ್ವನಿಯ ಮೂಲಕ ದಾರಿ ಹೇಳುವ ‘ವೇಫೈಂಡರ್’ ಪ್ರಯೋಗ ಬೀಕನ್‌ಗಳ ನೆರವಿನಿಂದ ನಡೆಯಿತು. ಬೀಕನ್ ಮಾಡುವ ಕೆಲಸ ಇಷ್ಟೇ: ತನ್ನ ಗುರುತಿನ ಸಂಖ್ಯೆಯನ್ನು ಬಿಡದೆ ಪ್ರಸಾರ ಮಾಡುತ್ತಿರುತ್ತದೆ. ಫೋನು ಅದನ್ನು ಕೇಳಿಸಿಕೊಂಡು, ಆ ಸಂಖ್ಯೆ ಯಾವ ಕಂಬದ್ದು ಎಂದು ತನ್ನ ನಕ್ಷೆಯಲ್ಲಿ ನೋಡಿಕೊಳ್ಳುತ್ತದೆ. ಸಂಕೇತದ ಬಲದಿಂದ ದೂರವನ್ನು ಅಂದಾಜು ಮಾಡಹೊರಟಾಗಲೇ ಎಡವಟ್ಟು ಶುರು.

ಒಂದು ಬೀಕನ್ ಒಂದು ಮೀಟರ್ ದೂರದಲ್ಲಿ ಮೈನಸ್ 59 ಡಿಬಿಎಂ ಬಲದಲ್ಲಿ ಕೇಳಿಸುತ್ತದೆ ಎಂದಿಟ್ಟುಕೊಳ್ಳಿ. ಡಿಬಿಎಂ ಎಂದರೆ ಸಂಕೇತದ ಬಲದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟು ಬಲ ಕಡಿಮೆ, ಎರಡು ಓದುಗಳ ನಡುವಿನ ವ್ಯತ್ಯಾಸವನ್ನು ಡೆಸಿಬಲ್‌ನಲ್ಲಿ ಹೇಳುತ್ತಾರೆ. ಈಗ ಫೋನಿಗೆ ಸಿಕ್ಕಿದ್ದು ಮೈನಸ್ 79. ತೆರೆದ ಜಾಗದಲ್ಲಿ ದೂರ ಹತ್ತು ಪಟ್ಟಾದರೆ ಬಲ 20 ಡೆಸಿಬಲ್ ಇಳಿಯುತ್ತದೆ, ಆದ್ದರಿಂದ ಉತ್ತರ 10 ಮೀಟರ್. ಗೋಡೆ, ಕಪಾಟುಗಳಿಂದ ಇಕ್ಕಟ್ಟಾದ ಜಾಗದಲ್ಲಿ ಅದೇ ಹತ್ತು ಪಟ್ಟಿಗೆ 30 ಡೆಸಿಬಲ್ ಇಳಿಯಬಹುದು; ಆಗ ಅದೇ ಓದಿಗೆ ಉತ್ತರ 4.6 ಮೀಟರ್. ಫೋನಿಗೆ ತಾನಿರುವುದು ಎಂಥ ಜಾಗ ಎಂದು ತಿಳಿಯದು. ಮೇಲಾಗಿ ಮನುಷ್ಯನ ಮೈಯಲ್ಲಿ ನೀರೇ ಹೆಚ್ಚು, 2.4 ಗಿಗಾಹರ್ಟ್ಸ್ ತರಂಗಗಳನ್ನು ಅದು ಚೆನ್ನಾಗಿ ಹೀರುತ್ತದೆ. ಫೋನು ಹಿಡಿದವರು ಬೀಕನ್ನಿಗೆ ಬೆನ್ನು ತಿರುಗಿಸಿದರೆ ಸಾಕು, ಓದು ಬದಲಾಗುತ್ತದೆ. ಬೀಕನ್ 2402, 2426, 2480 ಮೆಗಾಹರ್ಟ್ಸ್ ಎಂಬ ಮೂರು ವಾಹಿನಿಗಳಲ್ಲಿ ಸರದಿಯಂತೆ ಪ್ರಸಾರ ಮಾಡುತ್ತದೆ. ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ಒಂದೊಂದು ವಾಹಿನಿಯಲ್ಲಿ ಒಂದೊಂದು ರೀತಿ ಕೂಡಿ ಕಳೆಯುವುದರಿಂದ, ಯಾರೂ ಅಲುಗಾಡದಿದ್ದರೂ ಸಂಖ್ಯೆ ಕುಣಿಯುತ್ತಲೇ ಇರುತ್ತದೆ. ಬರೀ 4 ಡೆಸಿಬಲ್ ಏರಿಳಿತ ಇದ್ದರೂ ತೆರೆದ ಜಾಗದ 10 ಮೀಟರ್ ದೂರ 6ರಿಂದ 16ರ ನಡುವೆ ತೂಗಾಡುತ್ತದೆ. ಅದೇ ಏರಿಳಿತ ಒಂದು ಮೀಟರ್ ದೂರದಲ್ಲಿ ತರುವ ವ್ಯತ್ಯಾಸ ಅರ್ಧ ಮೀಟರಿನ ಆಸುಪಾಸು. ಆದ್ದರಿಂದ ಬೀಕನ್‌ಗಳನ್ನು ದೂರ ಅಳೆಯಲು ಬಳಸದೆ, ‘ಟಿಕೆಟ್ ಗೇಟಿನ ಬಳಿ ಇದ್ದೀರಿ’ ಎಂದು ಹೇಳಲಷ್ಟೇ ಬಳಸುವುದು ಲೇಸು. ತಲೆಗಳ ಅಡ್ಡಿ ತಪ್ಪಿಸಲು ಎರಡೂವರೆ ಮೂರು ಮೀಟರ್ ಎತ್ತರದಲ್ಲಿ ಕೂರಿಸಬೇಕು, ಲೋಹದ ಫಲಕಕ್ಕೆ ಅಂಟಿಸಬಾರದು.

ಇವೆಲ್ಲ ಸರಿಯಿದ್ದರೂ ಸೇವೆ ಹಾಳಾಗುವುದು ಬ್ಯಾಟರಿಯಿಂದ. ಲೆಕ್ಕ ಸರಳ. ಒಂದು ಪ್ರಸಾರಕ್ಕೆ 15 ಮೈಕ್ರೊಕೂಲಂಬ್ (ಅಂದರೆ ಒಂದು ಸೆಕೆಂಡು 15 ಮೈಕ್ರೊಆಂಪಿಯರ್ ಹರಿದಷ್ಟು ವಿದ್ಯುತ್) ಖರ್ಚು, ಪ್ರಸಾರಗಳ ನಡುವಿನ ನಿದ್ರೆಯಲ್ಲಿ 2 ಮೈಕ್ರೊಆಂಪಿಯರ್ ಎಂದು ಹಿಡಿಯೋಣ. ಸೆಕೆಂಡಿಗೆ ಹತ್ತು ಸಲ ಪ್ರಸಾರ ಮಾಡಿದರೆ ಸರಾಸರಿ 152 ಮೈಕ್ರೊಆಂಪಿಯರ್ ಬೇಕು. 220 ಮಿಲಿಆಂಪಿಯರ್-ಗಂಟೆಯ ನಾಣ್ಯದಾಕಾರದ ಸಿಆರ್2032 ಸೆಲ್ ಎರಡೇ ತಿಂಗಳಿಗೆ ಖಾಲಿ. ಸೆಕೆಂಡಿಗೆ ಒಂದೇ ಸಲವಾದರೆ 17 ಮೈಕ್ರೊಆಂಪಿಯರ್, ಅದೇ ಸೆಲ್ ಒಂದೂವರೆ ವರ್ಷ ಬಾಳುತ್ತದೆ. ಆದರೆ ನಡೆಯುವವರು ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗುತ್ತಾರೆ. ಎರಡು ಪ್ರಸಾರ ಫೋನಿಗೆ ಕೇಳಿಸದೆ ಹೋದರೂ ‘ಎಡಕ್ಕೆ ತಿರುಗಿ’ ಎಂಬ ಮಾತು ತಿರುವು ದಾಟಿದ ಮೇಲೆ ಬರುತ್ತದೆ. ಕಣ್ಣು ಕಾಣದವರಿಗೆ ಅದು ಬರೀ ಕಿರಿಕಿರಿಯಲ್ಲ, ಅಪಾಯ. ಪ್ಲಾಟ್‌ಫಾರ್ಮಿನ ಅಂಚು, ಮೆಟ್ಟಿಲಿನ ತಲೆಯಂಥ ಕಡೆ ಎರಡು ಎಎ ಸೆಲ್ ಹಿಡಿಸುವ ದೊಡ್ಡ ಬೀಕನ್ ಇಟ್ಟು ಸೆಕೆಂಡಿಗೆ ಹತ್ತು ಸಲ ಪ್ರಸಾರ ಮಾಡಿಸುವುದೇ ಸರಿ. ಹತ್ತಿರಹತ್ತಿರ ಎರಡು ವರ್ಷ ಬರುತ್ತದೆ. ಉದ್ದನೆಯ ಪಡಸಾಲೆಯ ನಡುವೆ ಅಷ್ಟು ಧಾರಾಳ ಬೇಡ. ಪ್ರತಿ ಬೀಕನ್ನಿನ ಸಂಖ್ಯೆ, ಕೂರಿಸಿದ ಜಾಗ, ಸೆಲ್ ಹಾಕಿದ ತಾರೀಖು ಒಂದು ದಾಖಲೆ ಪುಸ್ತಕದಲ್ಲಿ ಇರಲೇಬೇಕು. ಗೋಡೆಗೆ ಬಣ್ಣ ಬಳಿಯುವವರು ಕಿತ್ತಿಟ್ಟು, ಆಮೇಲೆ ಬೇರೆ ಕಂಬಕ್ಕೆ ಅಂಟಿಸಿದ ಬೀಕನ್ ಸತ್ತ ಬೀಕನ್ನಿಗಿಂತ ಕೆಟ್ಟದ್ದು, ಏಕೆಂದರೆ ಅದು ಸುಳ್ಳು ಹೇಳುತ್ತದೆ.

ಬಲ ಬಿಟ್ಟು ಸಮಯ ಅಳೆಯುವ ದಾರಿ ಇದಕ್ಕಿಂತ ನಂಬಿಕೆಗೆ ಅರ್ಹ. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಫೋನು ವೈಫೈ ಪೆಟ್ಟಿಗೆಗೆ ಸಂದೇಶ ಕಳಿಸಿ ಉತ್ತರ ಬರುವ ತನಕದ ಸಮಯ ಅಳೆದು, ಪೆಟ್ಟಿಗೆ ಉತ್ತರಿಸಲು ತೆಗೆದುಕೊಂಡ ಸಮಯ ಕಳೆದು, ಉಳಿದದ್ದನ್ನು ಅರ್ಧ ಮಾಡಿದರೆ ಒಂದು ಕಡೆಯ ಪಯಣ ಸಿಗುತ್ತದೆ. ಹೋಗಿ ಬರುವ ಲೆಕ್ಕವಾದ್ದರಿಂದ ಎರಡೂ ಕಡೆಯ ಗಡಿಯಾರ ಒಂದೇ ಸಮಯ ತೋರಿಸಬೇಕಿಲ್ಲ. 2018ರ ಆಂಡ್ರಾಯ್ಡ್ 9ರಿಂದ ಇದಕ್ಕೆ ಬೆಂಬಲವಿದೆ. ಒಂದೆರಡು ಮೀಟರ್ ನಿಖರತೆ ಸಾಧ್ಯ. ಪೆಟ್ಟಿಗೆಯೂ ಈ ಸೌಲಭ್ಯ ಉಳ್ಳದ್ದಾಗಿರಬೇಕು, ಹಳೆಯವು ಬಹುಪಾಲು ಉತ್ತರಿಸುವುದಿಲ್ಲ. ಕನಿಷ್ಠ 500 ಮೆಗಾಹರ್ಟ್ಸ್ ಅಗಲದ ಅತಿ ಕಿರು ಸ್ಪಂದಗಳನ್ನು ಬಳಸುವ ಅಲ್ಟ್ರಾವೈಡ್‌ಬ್ಯಾಂಡ್ ಇನ್ನೂ ಚುರುಕು: ಅಡ್ಡಿ ಇಲ್ಲದಿದ್ದರೆ 10 ಸೆಂಟಿಮೀಟರ್ ಆಸುಪಾಸು. ಸ್ಪಂದ ಅಷ್ಟು ಚಿಕ್ಕದಾದ್ದರಿಂದ ನೇರವಾಗಿ ಬಂದ ಅಲೆಯನ್ನೂ ಗೋಡೆಗೆ ಬಡಿದು ಬಂದದ್ದನ್ನೂ ಬೇರ್ಪಡಿಸಬಹುದು.

ಸಮಯದ ಅಳತೆಗೆ ಇನ್ನೊಂದು ಗುಣವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಅಡ್ಡದಾರಿ ನೇರದಾರಿಗಿಂತ ಎಂದಿಗೂ ಗಿಡ್ಡವಾಗಲಾರದು. ಹಾಗಾಗಿ ಅಡೆತಡೆಯಿಂದಾಗುವ ತಪ್ಪು ಯಾವಾಗಲೂ ದೂರವನ್ನು ಹಿಗ್ಗಿಸುತ್ತದೆ, ಕುಗ್ಗಿಸುವುದಿಲ್ಲ. ಐದು ಪೆಟ್ಟಿಗೆಗಳ ಪೈಕಿ ಒಂದು ಮಾತ್ರ ಉಳಿದವಕ್ಕೆ ಹೊಂದದಷ್ಟು ಉದ್ದನೆಯ ದೂರ ಹೇಳಿದರೆ, ಅದರ ಮಾತನ್ನು ಬದಿಗಿಟ್ಟು ಮುಂದುವರಿಯಬಹುದು. ಯಾವ ಕಡೆ ತಪ್ಪಿದೆ ಎಂದೇ ತಿಳಿಯದ ಬಲದ ಅಳತೆಯಲ್ಲಿ ಈ ಅನುಕೂಲವಿಲ್ಲ.

ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗೆ ಯಂತ್ರ ಬೇಡ, ಟೇಪು ಮತ್ತು ತಾಳ್ಮೆ ಬೇಕು. ನೆಲದ ಮೇಲೆ ನೂರು ಗುರುತು ಹಾಕಿ. ಲಿಫ್ಟ್ ಬಾಗಿಲು, ಮೆಟ್ಟಿಲು, ಮೇಲಿನ ಮಹಡಿಯ ಸಂಕೇತ ಕೆಳಗೆ ಸೋರುವ ತೆರೆದ ನಡುಅಂಗಳ, ಇವು ಅದರಲ್ಲಿ ಇರಲೇಬೇಕು. ಜನಜಂಗುಳಿ ಇದ್ದಾಗೊಮ್ಮೆ, ಖಾಲಿ ಇದ್ದಾಗೊಮ್ಮೆ, ಎರಡು ಬೇರೆ ತಯಾರಿಕೆಯ ಫೋನುಗಳನ್ನು ಕೈಯಲ್ಲೂ ಜೇಬಿನಲ್ಲೂ ಇಟ್ಟು ಅಳೆಯಿರಿ. ತಪ್ಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೂರಕ್ಕೆ 95ನೆಯ ಸ್ಥಾನದಲ್ಲಿರುವುದನ್ನು ನೋಡಿ, ಸರಾಸರಿಯನ್ನಲ್ಲ. ಆಮೇಲೆ, ‘ಶೇ. 90 ಭರವಸೆಯಿಂದ 5 ಮೀಟರ್ ಒಳಗೆ’ ಎಂದು ವ್ಯವಸ್ಥೆ ಹೇಳಿದ ಗುರುತುಗಳಲ್ಲಿ ನಿಜಕ್ಕೂ ಎಷ್ಟು 5 ಮೀಟರ್ ಒಳಗಿದ್ದವು ಎಂದು ಎಣಿಸಿ. ನೂರಕ್ಕೆ ಅರವತ್ತೇ ಇದ್ದರೆ, ತೊಂಬತ್ತು ಒಳಬರುವ ತನಕ ಆ ವೃತ್ತವನ್ನು ಹಿಗ್ಗಿಸಿ ತೋರಿಸುವಂತೆ ತಂತ್ರಾಂಶವನ್ನು ತಿದ್ದಿಸಿದ ಮೇಲೆಯೇ ಸೇವೆಯನ್ನು ಜನರಿಗೆ ತೆರೆಯಬೇಕು.