ಸೆಕೆಂಡರಿ ಟ್ರಾಮಾ: ಡ್ಯೂಟಿ ಅವರದು, ಗಾಬರಿ ಮನೆಯವರದು

ಅಪಘಾತ, ಬೆಂಕಿ, ಸಾವುನೋವನ್ನು ಎದುರಿಗೇ ಕಂಡವರ ಮನಸ್ಸಿಗೆ ಬೀಳುವ ಪೆಟ್ಟು ಟ್ರಾಮಾ. ಆ ಜಾಗಕ್ಕೆ ಕಾಲಿಡದಿದ್ದರೂ, ಅಂಥವರ ಜೊತೆ ಬಾಳ್ವೆ ಮಾಡುವವರಲ್ಲಿ ಅದೇ ಥರದ ಲಕ್ಷಣ ಕಾಣಿಸಿಕೊಂಡರೆ ಅದು ಸೆಕೆಂಡರಿ ಟ್ರಾಮಾ. ಆಂಬುಲೆನ್ಸ್ ಸಿಬ್ಬಂದಿ, ಅಗ್ನಿಶಾಮಕದವರು, ಪೊಲೀಸರ ಮನೆಗಳಲ್ಲಿ ಇದು ಹೊಸದೇನಲ್ಲ.

ಕೊಪ್ಪಳದ ಒಂದು ಮನೆ ಅಂದುಕೊಳ್ಳಿ. ಗಂಡನಿಗೆ 108ರಲ್ಲಿ ಕೆಲಸ. ಕುಷ್ಟಗಿ ಕಡೆ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಬೈಕ್ ಸವಾರನನ್ನು ಆಸ್ಪತ್ರೆಗೆ ಮುಟ್ಟಿಸಿ, ನೈಟ್ ಡ್ಯೂಟಿ ಮುಗಿಸಿ ಬಂದಿದ್ದಾನೆ.

"ಯಾಕ್ರೀ, ಏನಾತು?"

"ಏನಿಲ್ಲ ಬಿಡು."

ಮಾತು ಅಷ್ಟೇ. ಅವನು ಬರುವಷ್ಟರಲ್ಲಿ ಅವಳು ರೊಟ್ಟಿ ಬಡಿದು ಮುಗಿಸಿರುತ್ತಾಳೆ. ಆ ಸಪ್ಪಳಕ್ಕೆ ನಿದ್ದೆಯಲ್ಲೇ ಬೆಚ್ಚಿ ಏಳುತ್ತಾನಲ್ಲ, ಅದಕ್ಕೆ. ಮಕ್ಕಳು ಟಿವಿ ಹಚ್ಚುವಂತಿಲ್ಲ. ಕಾಲೇಜಿಗೆ ಹೋಗುವ ಮಗನ ಕೈಗೆ ಬೈಕ್ ಕೀಲಿ ಸಿಗುವುದಿಲ್ಲ. ಹೀಗೇ ಕೆಲವು ತಿಂಗಳು ಕಳೆದರೆ, ಎಲ್ಲೋ ಸೈರನ್ ಕೇಳಿದರೂ ಅವಳ ಎದೆ ಡವಡವ ಅನ್ನುತ್ತದೆ. ಮಗ ಬರುವುದು ತಡವಾದರೆ, ತಾನು ನೋಡಿಯೇ ಇಲ್ಲದ ಅಪಘಾತ ಕಣ್ಣ ಮುಂದೆ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಈ ವಿಷಯವನ್ನು ಮುನ್ನೆಲೆಗೆ ತಂದವರಲ್ಲಿ ಒಬ್ಬರು. ಅವರೂ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರೇ.

ಕಂಡದ್ದನ್ನೆಲ್ಲ ಮನೆಯಲ್ಲಿ ಬಿಡಿಸಿ ಹೇಳಿದರೆ ಕೇಳಿದವರಿಗೂ ನಿದ್ದೆ ಬರಲ್ಲ, ನಿಜ. ಹಾಗಂತ ಬಾಯಿ ಬಿಗಿ ಹಿಡಿದರೆ ಒಳ್ಳೆಯದು ಅಂತ ನನಗನ್ನಿಸುವುದಿಲ್ಲ. ಹೇಳದೇ ಉಳಿಸಿದ್ದನ್ನು ಹೆಂಡತಿ ಊಹಿಸಿಕೊಳ್ಳುತ್ತಾಳೆ, ಅದೂ ಇದ್ದದ್ದಕ್ಕಿಂತ ಜಾಸ್ತಿ. ಸಣ್ಣ ಮಕ್ಕಳಂತೂ ಅಪ್ಪನ ಸಿಟ್ಟಿಗೆ ತಾವೇ ಕಾರಣ ಅಂದುಕೊಳ್ಳುತ್ತವೆ. ರಕ್ತದ ವಿವರ ಬೇಡ. "ಇವತ್ತು ಕೇಸ್ ಬಾಳ ಕೆಟ್ಟದಿತ್ತು, ಸ್ವಲ್ಪ ಹೊತ್ತು ಸುಮ್ನೆ ಕೂಡ್ತೀನಿ" ಅಂದರೆ ಸಾಕು. ಇನ್ನು "ಇಂಥ ಡ್ಯೂಟಿ ಅಂದ್ಮೇಲೆ ಹಿಂಗೇ, ಹೊಂದಿಕೊಂಡು ಹೋಗು" ಅನ್ನುವ ಹಿರಿಯರ ಬುದ್ಧಿಮಾತು ಅವಳನ್ನು ಇನ್ನಷ್ಟು ಒಂಟಿ ಮಾಡುತ್ತದೆ, ಅಷ್ಟೇ.

ಮನೆಯ ಪ್ರತಿ ಜಗಳಕ್ಕೂ ಈ ಹೆಸರು ಕೊಡಬೇಕಿಲ್ಲ. ನಿದ್ದೆಗೆಟ್ಟವರ ಸಿಡುಕು ಬೇರೆ. ಗಾಬರಿ, ಕೆಟ್ಟ ಕನಸು, ಹೊರಗೆ ಹೋಗಲೂ ಭಯ, ಇವು ವಾರಗಟ್ಟಲೆ ಬಿಡದಿದ್ದರೆ ತೋರಿಸಬೇಕು. ನಮ್ಮ ಭಾಗಕ್ಕೆ ಇದು ಅಪರಿಚಿತವೂ ಅಲ್ಲ. ಹಳ್ಳಿ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಡ ಒಪ್ಪಲಿ ಅಂತ ಕಾಯಬೇಕಾಗಿಲ್ಲ, ಹೆಂಡತಿ ತನಗಾಗಿಯೇ ಫೋನ್ ಮಾಡಬಹುದು.