ಮೂಗು ಸರಿಯಾಗೇ ಇದೆ, ಸಂಕಟ ಸುಳ್ಳಲ್ಲ

‘ಡಾಕ್ಟ್ರೇ, ಸರಿಯಾಗಿ ನೋಡಿ, ನನ್ನ ಮೂಗು ಸೊಟ್ಟ ಇಲ್ವಾ?’ ಎಂದು ಕೇಳುವವರು ಮನೋವೈದ್ಯರ ಬಳಿ ಬರುವುದು ಕೊನೆಗೆ. ಅಷ್ಟರಲ್ಲಿ ಚರ್ಮದ ಡಾಕ್ಟರು, ಪಾರ್ಲರ್, ಪ್ಲಾಸ್ಟಿಕ್ ಸರ್ಜನ್ ಎಲ್ಲ ಮುಗಿದಿರುತ್ತದೆ. ಕೆಲವರು ಮೂಗಿನ ಆಪರೇಷನ್ನೂ ಮಾಡಿಸಿಕೊಂಡಿರುತ್ತಾರೆ. ಚಿಂತೆ ಹೋಗಿರುವುದಿಲ್ಲ, ಗಲ್ಲದ ಮೇಲೆ ಬಂದು ಕೂತಿರುತ್ತದೆ.

ಇಲ್ಲದ, ಅಥವಾ ಬೇರೆಯವರ ಕಣ್ಣಿಗೆ ಬೀಳದಷ್ಟು ಸಣ್ಣ ಕುಂದನ್ನೇ ದೊಡ್ಡದೆಂದುಕೊಂಡು ಸದಾ ಕೊರಗುವ ಈ ಕಾಯಿಲೆಗೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಇದರ ಬಗ್ಗೆ ಬರೆದಿದ್ದರು. ಹಾಗಾಗಿ ಎಲ್ಲ ತಪ್ಪನ್ನೂ ಸೆಲ್ಫಿಯ ಮೇಲೆ ಹಾಕಬೇಡಿ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಗಂಡಸರಿಗೂ. ಬಹುಪಾಲು ಹದಿವಯಸ್ಸಿನಲ್ಲೇ ಶುರು. ‘ಬಣ್ಣ ಸ್ವಲ್ಪ ಕಮ್ಮಿ’ ಎನ್ನುವ ನಮ್ಮ ನೆಂಟರ ಮಾತೊಂದರಿಂದಲೇ ಕಾಯಿಲೆ ಬರುವುದಿಲ್ಲ ನಿಜ. ಆದರೆ ಅದು ಕೊಡುವ ಮೇವು ಕಮ್ಮಿಯೇನಲ್ಲ.

ಪದೇ ಪದೇ ಕೈ ತೊಳೆಯುವ ಗೀಳಿಗೆ ಇದು ಹತ್ತಿರದ ನೆಂಟ. ಅಲ್ಲಿ ನಲ್ಲಿ, ಇಲ್ಲಿ ಕನ್ನಡಿ. ಕನ್ನಡಿಗೆ ಮುಖ ಅಂಟಿಸಿ ಒಂದೇ ಜಾಗವನ್ನು ನೋಡುತ್ತಾ ನಿಂತರೆ ಯಾರ ಮೂಗಾದರೂ ವಿಚಿತ್ರವಾಗಿ ಕಾಣುತ್ತದೆ, ಬೇಕಾದರೆ ನೋಡಿ. ಆಮೇಲೆ ಅಮ್ಮನನ್ನು ಕೇಳುವುದು. ‘ಚೆನ್ನಾಗಿದ್ದೀಯಲ್ಲೇ, ಸುಮ್ನೆ ತಲೆ ಕೆಡಿಸ್ಕೋಬೇಡ’ ಎಂದು ಅಮ್ಮ ಹೇಳಿದರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಮತ್ತೆ ಅದೇ ಪ್ರಶ್ನೆ. ಸಮಾಧಾನದ ಮಾತೂ ಇಲ್ಲಿ ಗೀಳಿನ ಭಾಗವಾಗಿಬಿಡುತ್ತದೆ. ಮನೆಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ‘ನಿನಗೆ ಎಷ್ಟು ಸಂಕಟ ಆಗ್ತಿದೆ ಅಂತ ಗೊತ್ತಾಗ್ತಿದೆ, ಆದ್ರೆ ಮೂಗಿನ ಮಾತು ಬೇಡ’ ಎನ್ನಿ. ಬೈಯಬೇಡಿ, ನಗಬೇಡಿ.

ಚಿಕಿತ್ಸೆಯಲ್ಲಿ ಕನ್ನಡಿಯನ್ನು ಮುಚ್ಚಿಡುವುದಿಲ್ಲ. ಒಂದು ಕೈ ದೂರ ನಿಂತು ಇಡೀ ಮುಖ ನೋಡಬೇಕು. ‘ಅಸಹ್ಯ’ ಎನ್ನದೆ, ಕಂಡದ್ದನ್ನಷ್ಟೇ ಹೇಳಬೇಕು. ಆಮೇಲೆ ಮಾಸ್ಕ್ ತೆಗೆದು ಅಂಗಡಿಗೆ ಹೋಗುವುದು. ಜನ ಏನು ಮಾಡುತ್ತಾರೆಂದು ಮೊದಲೇ ಬರೆದುಕೊಂಡು, ಬಂದ ಮೇಲೆ ಹೋಲಿಸಿ ನೋಡುವುದು. ಜೊತೆಗೆ ಫ್ಲೂಆಕ್ಸೆಟಿನ್, ಎಸ್ಸಿಟಾಲೋಪ್ರಾಂನಂಥ ಮಾತ್ರೆಗಳು ಕೆಲಸ ಮಾಡುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತದೆ, ಗುಣ ಕಾಣಲು ಸುಮಾರು 12 ವಾರ ಹಿಡಿಯಬಹುದು. ಮೂರನೇ ವಾರಕ್ಕೇ ಬಿಟ್ಟು ‘ಏನೂ ಪ್ರಯೋಜನ ಇಲ್ಲ’ ಎನ್ನುವವರೂ ಇದ್ದಾರೆ.

ಈ ಕಾಯಿಲೆಯಲ್ಲಿ ಸಾಯುವ ಯೋಚನೆಯೂ ಜಾಸ್ತಿ. ಕಾಲೇಜು ಬಿಟ್ಟು ಕೋಣೆ ಸೇರಿದ ಮಗ, ಮಗಳು ಇದ್ದರೆ ಅಂಥ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.